ಕೂಡುವ ಬಣ್ಣ, ಹಿಡಿಯುವ ಬಣ್ಣ

ಮಿಥೇನ್ ಅಣುವಿನ ಎರಡು ಬಂಧಗಳ ನಡುವಿನ ಕೋನ ನೂರಾ ಒಂಬತ್ತು ಡಿಗ್ರಿ ಇಪ್ಪತ್ತೆಂಟು ನಿಮಿಷ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮೂರು ವರ್ಷ ರಸಾಯನಶಾಸ್ತ್ರ ಓದಿ ನಾನು ಗಟ್ಟಿ ಮಾಡಿಕೊಂಡ ಸಂಗತಿಗಳಲ್ಲಿ ಇದೊಂದು. ಪದವಿ ಮುಗಿದು ನಾಲ್ಕು ವರ್ಷವಾಯಿತು, ಇದುವರೆಗೆ ಯಾರೂ ಕೇಳಿಲ್ಲ. ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಹಿಂದೆ ಸುನೀಲಕುಮಾರನ ಆನ್‌ಲೈನ್ ಸೆಂಟರಿನಲ್ಲಿ ಜನ ನನ್ನನ್ನು ಕೇಳುವುದು ಒಂದೇ, "ಸರ್ವರ್ ಐತೇನು?" ಇಲ್ಲ ಎಂದರೆ ನನ್ನ ಮುಖ ನೋಡುತ್ತಾರೆ, ನಾನೇ ಅದನ್ನು ಖೋಲಿಯಲ್ಲಿ ಮರೆತು ಬಂದವನ ಹಾಗೆ.

ಕಮತಗಿಯಲ್ಲಿ ನಮ್ಮವ್ವ ದುರಗವ್ವ ಕೇಳಿದವರಿಗೆಲ್ಲ "ನಮ್ಮ ಸಿದ್ದಾರ್ಥ ಕಂಪ್ಯೂಟರ್ ಕೆಲಸದಾಗ ಅದಾನ" ಎನ್ನುತ್ತಾಳೆ. ಸುಳ್ಳಲ್ಲ. ಕಂಪ್ಯೂಟರ್ ಕೆಲಸ ಮಾಡುತ್ತದೆ, ನಾನು ಅದರ ಪಕ್ಕದಲ್ಲಿರುತ್ತೇನೆ. ಬಂದವರ ಹೆಬ್ಬೆರಳು ಹಿಡಿದು ಒಂದು ಸಣ್ಣ ಗಾಜಿನ ಮೇಲೆ ಒತ್ತುತ್ತೇನೆ. ದಿನಕ್ಕೆ ಎಂಬತ್ತು ತೊಂಬತ್ತು ಬೆರಳು. ಮೊದಮೊದಲು ಬೆರಳಿನ ಹಿಂದೆ ಒಂದು ಮುಖ ಕಾಣುತ್ತಿತ್ತು. ಆಮೇಲೆ ಬೆರಳಷ್ಟೇ.

ಆ ತಿಂಗಳು ರೇಶನ್ ಕಾರ್ಡಿನಲ್ಲಿ ಹೆಸರಿದ್ದವರೆಲ್ಲ ಮತ್ತೊಮ್ಮೆ ಬೆರಳು ಕೊಡಬೇಕೆಂದು ಗಡುವು ಬಂದಿತ್ತು. ತಿಂಗಳ ಕೊನೆಯ ದಿನದೊಳಗೆ ಕೊಡದವರ ಹೆಸರು ಕಾರ್ಡಿನಿಂದ ಹೋಗುತ್ತದೆ. ಎರಡನೆಯ ತಾರೀಖಿಗೆ ಖೈರುನಬಿ ಬಂದಳು. ಅರವತ್ತು ದಾಟಿದ, ಸಣಕಲು ಮೈಯ ಹೆಂಗಸು. ಎರಡೂ ಕೈ ಮೊಳಕೈವರೆಗೆ ದಾಳಿಂಬೆ ಕೆಂಪು. ನೂಲಿಗೆ ಬಣ್ಣ ಹಾಕುವವಳೆಂದು ಯಾರೂ ಹೇಳಬೇಕಾಗಿರಲಿಲ್ಲ.

"ರೇಶನ್ ಅಂಗಡ್ಯಾಗ ಹತ್ತೂ ಬೆರಳ ಒತ್ತೀನಿ. ಒಂದೂ ಆಗವಲ್ದು. ನಿಮ್ಮ ಮಷೀನ ದೊಡ್ಡದೈತಂತ, ಹೌದೇನಪಾ?"

"ಎಲ್ಲಾ ಮಷೀನೂ ಒಂದರಿ, ಅಮ್ಮಾ."

"ಹಂಗಾರ ನೀ ಯಾಕ ಕುಂತಿ ಇಲ್ಲಿ?"

ಬೆರಳು ಒತ್ತಿಸಿದೆ. ನಮ್ಮ ಯಂತ್ರ ಬೆರಳಚ್ಚು ಎಷ್ಟು ಸ್ಪಷ್ಟ ಎಂಬುದಕ್ಕೆ ಒಂದು ಸಂಖ್ಯೆ ತೋರಿಸುತ್ತದೆ, ಐವತ್ತು ದಾಟಬೇಕು. ಆಕೆಯ ಬಲಗೈ ಹೆಬ್ಬೆರಳು ಮೂವತ್ತೊಂದು. ಉಳಿದವು ಅದಕ್ಕೂ ಕೆಳಗೆ. ಒತ್ತುವಾಗ ಗೊತ್ತಾಯಿತು, ಆಕೆ ಎಷ್ಟು ಒತ್ತುತ್ತಿದ್ದೇನೆಂದು ತಿಳಿಯದೆ ಒತ್ತುತ್ತಿದ್ದಳು. ಗಾಜು ಒಡೆದೀತೆಂದು ಸುನೀಲಕುಮಾರ ಕೂಗಿದ. "ಹಗೂರಕರೀ ಅಮ್ಮಾರ!"

"ಹಗೂರನೋ ಜೋರನೋ ನನಗ ಹತ್ತಂಗಿಲ್ಲಪಾ. ಬೆರಳ ಸತ್ತು ಹದಿನೈದ ವರ್ಷಾತು."

ಬೇರೆ ದಾರಿಗಳೂ ಮುಚ್ಚಿದ್ದವು. ಕಣ್ಣು ನೋಡುವ ಯಂತ್ರಕ್ಕೆಂದು ಬಾಗಲಕೋಟೆಗೆ ಹೋಗಿ ಬಂದಿದ್ದಳು, ಎರಡೂ ಕಣ್ಣಿಗೆ ಪೊರೆ. ಮೊಬೈಲಿಗೆ ನಂಬರು ಬರಿಸೋಣವೆಂದರೆ ಕಾರ್ಡಿಗೆ ಜೋಡಿಸಿದ್ದ ಸಿಮ್ ಗಂಡ ಇಬ್ರಾಹಿಂಸಾಬನದು. ಆರು ವರ್ಷದ ಹಿಂದೆ ಆತ ತೀರಿಕೊಂಡ, ಕೆಲವು ತಿಂಗಳಿಗೆ ಸಿಮ್ಮೂ ತೀರಿಕೊಂಡಿತು. ಒಬ್ಬಳೇ ಮಗಳು ಮದುವೆಯಾಗಿ ಹುನಗುಂದದಲ್ಲಿದ್ದಾಳೆ, ಆಕೆಯ ಹೆಸರು ಆ ಮನೆಯ ಕಾರ್ಡಿನಲ್ಲಿದೆ.

"ನನ್ನ ಕಾರ್ಡಿನಾಗ ಇರೋದ ಒಂದ ಹೆಸರು. ಅದ ಹ್ವಾದ್ರ ಕಾರ್ಡ ಹೋತು, ಅಕ್ಕಿ ಹೋತು. ಸತ್ತಾಂವನ ಹೆಸರ ತಗಸಾಕ ಮೂರ ಸಲ ಅಡ್ಡಾಡಿದ್ನಿ. ಬದುಕಿದಾಕಿದು ತಾನ ಹೊಂಟೈತಿ ನೋಡ."

ಹೀಗೆ ಹೇಳುವಾಗ ಆಕೆಯ ದನಿ ಏರಲಿಲ್ಲ. ಬೇರೆಯವರಾದರೆ ನಾನು "ತಾಲ್ಲೂಕು ಆಫೀಸಿಗೆ ಅರ್ಜಿ ಕೊಡ್ರಿ" ಎಂದು ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ಆ ಕೆಂಪು ಕೈ ನೋಡಿ ನಾಲ್ಕು ವರ್ಷ ಮಲಗಿದ್ದ ನನ್ನ ಪದವಿ ಎದ್ದು ಕೂತಿತು. ಬಣ್ಣ! ಬೆರಳಿನ ಗೆರೆಗಳಲ್ಲಿ ಬಣ್ಣ ತುಂಬಿಕೊಂಡಿದೆ, ಅದಕ್ಕೇ ಯಂತ್ರಕ್ಕೆ ಗೆರೆ ಕಾಣುತ್ತಿಲ್ಲ. ಬಣ್ಣ ಬಿಡಿಸಿದರೆ ಮುಗಿಯಿತು.

"ಅಮ್ಮಾ, ನಾ ಕೆಮಿಸ್ಟ್ರಿ ಓದೀನಿ. ಮೂರು ದಿನ ಕೊಡ್ರಿ."

"ಏ ಸೈಂಟಿಸ್ಟಾ," ಎಂದ ಸುನೀಲಕುಮಾರ, "ಮೊದಲ ಆ ಪ್ರಿಂಟರಿನ ಮಸಿ ಬಿಡಸಲೇ."

ಮರುದಿನ ಬೆಳಿಗ್ಗೆ ಆಕೆಯ ಮನೆಗೆ ಹೋದೆ. ಮುಂದೊಂದು ಕೋಣೆ, ಹಿಂದೆ ಹಿತ್ತಲು. ಹಿತ್ತಲಲ್ಲಿ ಒಲೆಯ ಮೇಲೆ ಎರಡು ದೊಡ್ಡ ಹಂಡೆ, ಅಡ್ಡ ಕೋಲುಗಳ ಮೇಲೆ ನೂಲಿನ ಲಡಿಗಳು ಇಳಿಬಿದ್ದಿದ್ದವು. ಇಳಕಲ್ ಸೀರೆಯ ಮೈಗೆ ಬರುವ ಹತ್ತಿ ನೂಲು. ಆಕೆ ಕೆಲಸ ಮಾಡುತ್ತಲೇ ತನ್ನ ಕತೆ ಹೇಳಿದಳು, ಬೇರೆ ಯಾರದೋ ಕತೆ ಹೇಳುವಂತೆ.

ಹದಿನಾರಕ್ಕೆ ಮದುವೆ. ತವರು ಬಾದಾಮಿಯ ಕಡೆ, ಅಲ್ಲಿ ಬಣ್ಣದ ಕೆಲಸ ಯಾರಿಗೂ ಗೊತ್ತಿರಲಿಲ್ಲ. ಮದುವೆಯಾಗಿ ನಾಲ್ಕನೆಯ ದಿನ ಅತ್ತೆ ಹಂಡೆಯ ಮುಂದೆ ನಿಲ್ಲಿಸಿದಳು. "ಮೆಹಂದಿ ಬಣ್ಣ ಹೋಗೋದನ್ನ ನಾ ನೋಡಲೇ ಇಲ್ಲ. ಅದು ಇನ್ನೂ ಇದ್ದಾಗನ ಮ್ಯಾಲ ಇದು ಬಂತು." ಇಬ್ರಾಹಿಂಸಾಬ ಮಾತು ಕಡಿಮೆಯ ಮನುಷ್ಯ. ಬಣ್ಣದ ಪುಡಿ ಅವನು ತೂಗುತ್ತಿದ್ದ, ಕೈ ಆಕೆ ಹಾಕುತ್ತಿದ್ದಳು. ನಲವತ್ತು ವರ್ಷ. ಮಗಳು ಹುಟ್ಟಿದಾಗ ಮೂಗು ಕೆಂಪಾದೀತೆಂದು ನೆರೆಯವರು ಕೂಸನ್ನು ಎತ್ತಿಕೊಳ್ಳಲು ಬಿಡಲಿಲ್ಲವಂತೆ. ಬಣ್ಣ ಹತ್ತುವುದಿಲ್ಲ, ಇದು ಹಿಡಿದ ಬಣ್ಣ ಎಂದು ಆಕೆ ಎಷ್ಟು ಹೇಳಿದರೂ.

"ಹಿಡಿದ ಬಣ್ಣ ಅಂದ್ರ?" ಎಂದೆ. ಕೇಳುವಾಗ ನನ್ನ ದನಿಯಲ್ಲಿ ಪರೀಕ್ಷಕನ ಗತ್ತಿತ್ತು.

"ಎರಡ ಜಾತಿ ಇರ್ತಾವಪಾ. ಒಂದ ಬಣ್ಣ ಬರೇ ಬಂದ ಕುಂತಂಗ ಕೂಡ್ತೈತಿ, ಒಂದ ಹಿಡೀತೈತಿ. ಕೂಡೋದು ನೂಲಿನ ಮ್ಯಾಲ ಮಲಗಿರ್ತೈತಿ, ನೀರ ಹಾಕಿದ್ರ ಎದ್ದ ಹೋಗ್ತೈತಿ. ಹಿಡಿಯೋದು ನೂಲ ಹರಿದ್ರೂ ಬಿಡಂಗಿಲ್ಲ."

ನಮ್ಮ ಪುಸ್ತಕದಲ್ಲಿ ಇದಕ್ಕೆ ಹನ್ನೊಂದು ಪುಟ. ಹತ್ತಿಯ ಎಳೆ ಎಂದರೆ ಉದ್ದನೆಯ ಅಣುಗಳ ಸರಪಳಿ. ಕೆಲವು ಬಣ್ಣದ ಅಣುಗಳು ಉದ್ದ, ಚಪ್ಪಟೆ. ಆ ಆಕಾರವೇ ಅವುಗಳ ಯೋಗ್ಯತೆ. ಕಟ್ಟೆಯ ಮೇಲೆ ಚಾಪೆ ಹಾಸಿದಂತೆ ಸರಪಳಿಯ ಉದ್ದಕ್ಕೂ ಒರಗುತ್ತವೆ. ಅಲ್ಲಲ್ಲಿ ಒಂದೊಂದು ಜಲಜನಕ ನಡುವೆ ನಿಂತು ಎರಡನ್ನೂ ಸಡಿಲವಾಗಿ ತಡೆದಿರುತ್ತದೆ, ಅಷ್ಟೇ. ಡೊಂಕು ಅಣುವಾದರೆ ಅದೂ ಇಲ್ಲ, ಒರಗಲು ಬೆನ್ನೇ ಸಮ ಇರುವುದಿಲ್ಲ. ಎರಡನೆಯ ಜಾತಿಯ ಬಣ್ಣಕ್ಕೆ ತುದಿಯಲ್ಲೊಂದು ಆರು ಮೂಲೆಯ ಉಂಗುರ, ಉಂಗುರಕ್ಕೆ ಅಂಟಿದ ಒಂದು ಕ್ಲೋರಿನ್. ಒಗೆಯುವ ಸೋಡಾ ಬಿದ್ದೊಡನೆ ಕ್ಲೋರಿನ್ ಜಾಗ ಬಿಟ್ಟು ಹೋಗುತ್ತದೆ, ಆ ಜಾಗಕ್ಕೆ ಹತ್ತಿಯ ಆಮ್ಲಜನಕ ಬಂದು ಹಿಡಿಯುತ್ತದೆ. ಎರಡು ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡ ಮೇಲೆ ಸಾಬೂನಿಗೆ ಅಲ್ಲಿ ಕೆಲಸವಿಲ್ಲ. ಚರ್ಮದಲ್ಲೂ ಹಾಗೆ ಹಿಡಿಯಬಲ್ಲ ಪರಮಾಣುಗಳಿವೆ. ಬಣ್ಣಕ್ಕೆ ನೂಲೇನು, ಖೈರುನಬಿಯೇನು.

ಇದನ್ನೆಲ್ಲ ನಾನು ವಿವರಿಸಿದೆ. ಆಕೆ ಲಡಿ ತಿರುವುತ್ತ ಕೇಳಿ, "ಅದನ್ನ ಹೇಳಿದ್ನೆಲ್ಲಾ ನಾ?" ಎಂದಳು.

ಬಿಡಿಸುವ ಮದ್ದು ಆಕೆಯ ಮನೆಯಲ್ಲೇ ಇತ್ತು. ಕೆಟ್ಟ ಲಡಿಯ ಬಣ್ಣ ತೆಗೆಯಲು ಎಲ್ಲರೂ ಹೈಡ್ರೋಸ್ ಎಂಬ ಬಿಳಿ ಪುಡಿ ಬಳಸುತ್ತಾರೆ. ಅದು ಹಿಡಿತ ಬಿಡಿಸುವುದಿಲ್ಲ, ಬಣ್ಣದ ಅಣುವಿನ ನಡುವಿರುವ ಎರಡು ಸಾರಜನಕಗಳ ಜೋಡಿಯನ್ನು ಮುರಿಯುತ್ತದೆ. ಅಣು ಅಲ್ಲೇ ಅಂಟಿರುತ್ತದೆ, ಕೆಂಪು ಮಾತ್ರ ಸಾಯುತ್ತದೆ. ಸ್ಟೀಲಿನ ಬೋಗುಣಿಯಲ್ಲಿ ಬಿಸಿನೀರು, ಸೋಡಾ, ಹೈಡ್ರೋಸ್. ಹದಿನೈದು ನಿಮಿಷ ಬೆರಳು ಅದ್ದಿಸಿದೆ. ಮೂಗು ಸುಡುವಂಥ ಗಂಧಕದ ವಾಸನೆ.

"ಉರೀತೈತೇನ್ರಿ?"

"ನನ್ನ ಕೇಳ್ತಿ? ಬೋಗಾಣಿ ಕೇಳ."

ಮೂರು ದಿನ ಹೀಗೆ ಮಾಡಿದೆ. ಪ್ರತಿದಿನ ಮಧ್ಯಾಹ್ನ ಸೆಂಟರಿಗೆ ಬಂದು ಒತ್ತುತ್ತಿದ್ದಳು. ಮೊದಲ ದಿನ ಇಪ್ಪತ್ತನಾಲ್ಕು. ಬಣ್ಣ ಪೂರ್ತಿ ಹೋಗಿಲ್ಲ ಎಂದುಕೊಂಡು ಪುಡಿ ಹೆಚ್ಚಿಸಿದೆ. ಎರಡನೆಯ ದಿನ ಹದಿನೇಳು. ಮತ್ತೆ ಹೆಚ್ಚಿಸಿದೆ. ಮೂರನೆಯ ದಿನ ಹೆಬ್ಬೆರಳು ಕುದಿಸಿದ ಶೇಂಗಾ ಕಾಳಿನ ಬಣ್ಣಕ್ಕೆ ಬಂತು. ಹಂಡೆಯ ಮುಂದೆ ನಿಂತಂದಿನಿಂದ ಎರಡನೆಯ ಸಲ ಆಕೆ ತನ್ನ ಚರ್ಮ ನೋಡಿದ್ದು, ಮೊದಲನೆಯದು ನನಗೆ ಆಮೇಲೆ ತಿಳಿಯಿತು. ತಿರುಗಿಸಿ ತಿರುಗಿಸಿ ನೋಡಿ, "ಇದ ಯಾರದೋ?" ಎಂದಳು. ಗಾಜಿನ ಮೇಲಿಟ್ಟೆ. ಒಂಬತ್ತು.

ಸುನೀಲಕುಮಾರ ತೆರೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ. "ಮೂವತ್ತೊಂದ ಇದ್ದದ್ದನ್ನ ಒಂಬತ್ತಕ್ಕ ತಂದಿ. ಇನ್ನೆರಡ ದಿನ ಬಿಟ್ರ ಆಕಿ ಬೆರಳ ಇಲ್ಲದಂಗ ಮಾಡ್ತಿ."

ಆಗ ನೆನಪಾಯಿತು. ನೆನಪಾಗಬಾರದಿತ್ತೆಂದು ಈಗಲೂ ಅನ್ನಿಸುತ್ತದೆ. ಚರ್ಮದ ಮೇಲ್ಪದರವೂ ಎಳೆಗಳದ್ದೇ. ಎಳೆ ಎಳೆಯ ನಡುವೆ ಎರಡು ಗಂಧಕದ ಪರಮಾಣುಗಳು ಒಂದನ್ನೊಂದು ಹಿಡಿದು ಇಡೀ ಪದರವನ್ನು ಬಿಗಿದಿರುತ್ತವೆ. ಬಿಸಿ ಸೋಡಾನೀರು ಆ ಬಂಧವನ್ನು ಸಡಿಲಿಸುತ್ತದೆ. ಹೈಡ್ರೋಸ್ ಮುರಿದೇ ಬಿಡುತ್ತದೆ. ಕೂದಲು ಉದುರಿಸುವ ಮುಲಾಮು ಮಾಡುವುದೂ ಇಂಥದ್ದನ್ನೇ. ಎರಡನೆಯ ವರ್ಷದ ಪರೀಕ್ಷೆಯಲ್ಲಿ ಇದರ ಮೇಲೆ ಐದು ಅಂಕದ ಪ್ರಶ್ನೆ ಬಂದಿತ್ತು, ನನಗೆ ನಾಲ್ಕೂವರೆ ಸಿಕ್ಕಿತ್ತು. ಬಣ್ಣದಿಂದ ಬೆರಳಿಗೆ ಏನೂ ಆಗಿರಲಿಲ್ಲ. ನಲವತ್ತು ವರ್ಷದ ಸೋಡಾ ಗೆರೆಗಳನ್ನು ತೊಳೆದಿತ್ತು, ಉಳಿದಿದ್ದ ಚೂರುಪಾರನ್ನು ನಾನು ಮೂರು ದಿನದಲ್ಲಿ ತೊಳೆದಿದ್ದೆ.

ಹೇಳಿದೆ. ಹೇಳದೆ ಇರುವ ಧೈರ್ಯವೂ ಇರಲಿಲ್ಲ. ಆಕೆ ಬೆಂಚಿನ ಮೇಲೆ ಕೂತು ಹೆಬ್ಬೆರಳನ್ನು ಗಲ್ಲಕ್ಕೆ ಒತ್ತಿಕೊಂಡಿದ್ದಳು. ಬೆರಳಿಗೆ ತಿಳಿಯದ್ದನ್ನು ಆಕೆ ಗಲ್ಲದಿಂದ ತಿಳಿಯುತ್ತಾಳೆ.

"ಆರ ವರ್ಷದ ಹಿಂದ ಒಂದ ಸಲಕ್ಕ ಬಂದಿತ್ತು," ಎಂದಳು.

"ಏನ್ರಿ?"

"ಇದ ಬೆರಳ. ಅವರ ಹೆಸರ ತಗಸಾಕ ಮೊದಲಿನ ಎರಡ ಸಲ ಹೋದಾಗ ಕಾಗದ ಸಾಲಲಿಲ್ಲ. ಮೂರನೇ ಸಲ ಬೆರಳ ಒತ್ತಂದ್ರು. ಒತ್ತಿದ್ನಿ, ಟಕ್ ಅಂತ ಬಂತು. ಇದ್ದತ್ ಮುಗಿದ ವಾರದಾಗನ ಹೋಗಿದ್ನಲ್ಲಾ."

ಗಂಡ ಸತ್ತ ಮೇಲೆ ಅವರಲ್ಲಿ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು. ಅದು ಇದ್ದತ್. ಅಷ್ಟು ದಿನ ಮಗಳು ಬಂದು ಹಂಡೆಗಳನ್ನು ಬೋರಲು ಹಾಕಿಬಿಟ್ಟಿದ್ದಳಂತೆ. ನಲವತ್ತು ವರ್ಷದಲ್ಲಿ ಕೈಗೆ ರಜೆ ಸಿಕ್ಕಿದ್ದು ಆಗೊಮ್ಮೆ. ಆ ಬಿಡುವಿನಲ್ಲಿ ಸವೆದ ಪದರ ಉದುರಿ, ಕೆಳಗಿನಿಂದ ಹೊಸ ಚರ್ಮ ಬಂದಿತ್ತು. ಗೆರೆಗಳ ಅಚ್ಚು ಆಳದಲ್ಲಿರುತ್ತದೆ, ಮೇಲೆ ಎಷ್ಟು ಸವೆದರೂ ಮತ್ತೆ ಅದೇ ಗೆರೆ ಏಳುತ್ತದೆ. ಬಣ್ಣವೂ ಚರ್ಮದ ಜೊತೆ ತಾನೇ ಉದುರುತ್ತದೆ. ಸುಮ್ಮನೆ ಕೂತಿದ್ದರೆ ಆಗುತ್ತಿದ್ದ ಕೆಲಸಕ್ಕೆ ನಾನು ಬೋಗುಣಿ ಹಿಡಿದಿದ್ದೆ.

"ಹಂಗಾರ ತಿಂಗಳ ಕೊನೀತನಾ ನೀರಾಗ ಕೈ ಹಾಕಬ್ಯಾಡ್ರಿ," ಎಂದೆ. "ಇಪ್ಪತ್ತೈದ ದಿನ ಅದಾವ. ಆಗಬಹುದು."

"ನಾಸೀರನ ಲಡಿ ಯಾರ ತಗೀತಾರ? ನೀ?"

ನಾಸೀರ ಆಕೆಗೆ ನೂಲು ಕೊಡುವ ನೇಕಾರ. ಸಂಜೆ ನಾನು ಆಕೆಯ ಮನೆಯಲ್ಲಿದ್ದಾಗ ಅವನೇ ಬಂದ. ಮದುವೆಯ ಸೀರೆಗಳಿಗೆ ಕೆಂಪು ನೂಲು ಬೇಕಿತ್ತು. "ಖಾಲಾ, ನೀವು ಒಂದ ತಿಂಗಳ ಕುಂತ್ರ ನಾ ಬ್ಯಾರೆ ಕಡೆ ಕೊಡಬೇಕಾಗ್ತೈತಿ. ಒಮ್ಮಿ ಕೊಟ್ರ ಆ ಮಂದಿ ಬಿಡಂಗಿಲ್ಲ, ನಿಮಗ ಗೊತ್ತೈತಿ." ಒರಟಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದ. ಕೈ ಅದ್ದಿದರೆ ಕಾರ್ಡು ಹೋಗುತ್ತದೆ, ಅದ್ದದಿದ್ದರೆ ಕೆಲಸ ಹೋಗುತ್ತದೆ. ಆಕೆ ನನ್ನ ಕಡೆ ನೋಡಲಿಲ್ಲ. ಅದಕ್ಕೇ ಇರಬೇಕು, "ನಾ ಬರ್ತೇನಿ" ಎಂದುಬಿಟ್ಟೆ.

ನಾಸೀರ ನಕ್ಕ. "ಇಂವಾ ಯಾರ?"

"ಕೆಮಿಸ್ಟ್ರಿ," ಎಂದಳು ಖೈರುನಬಿ.

ದಿನಾ ಬೆಳಿಗ್ಗೆ ಆರಕ್ಕೆ ಹೋಗಿ ಒಂಬತ್ತರವರೆಗೆ ಲಡಿ ಅದ್ದುತ್ತಿದ್ದೆ, ಹತ್ತಕ್ಕೆ ಸೆಂಟರಿನಲ್ಲಿ ಬೆರಳು ಒತ್ತಿಸುತ್ತಿದ್ದೆ. ಆಕೆ ಹಿತ್ತಲ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಕೈಗಳನ್ನು ಸೆರಗಿನಲ್ಲಿ ಸುತ್ತಿ, ಬಾಯಿಂದ ಕೆಲಸ ಮಾಡುತ್ತಿದ್ದಳು. ಅಡಿಗೆ ಮಾಡಿ ಕೊಡಲು ಮಗಳು ಬಂದು ಉಳಿದಿದ್ದಳು.

ಮೊದಲ ದಿನವೇ ಮೂರು ಲಡಿ ಕೆಡಿಸಿದೆ. ಬಣ್ಣ, ಉಪ್ಪು, ಸೋಡಾ ಎಲ್ಲವನ್ನೂ ಒಟ್ಟಿಗೆ ಸುರಿದಿದ್ದೆ, ಬಸ್ಸು ಹಿಡಿಯುವ ಅವಸರದವನಂತೆ. ನೂಲು ತೆಳುಗೆಂಪಾಗಿ ಮೇಲೆ ಬಂತು, ಹಂಡೆಯ ನೀರು ಮಾತ್ರ ಕಡುಗೆಂಪು.

"ಬಣ್ಣಾನ ನೀರಿಗೆ ಹಿಡಿಸಿದೆಲ್ಲೋ ಖೋಡಿ! ಮೊದಲ ಉಪ್ಪ. ಉಪ್ಪ ಕೂಡಸ್ತೈತಿ. ನೂಲಿನ ಮಗ್ಗಲಕ ಬಂದ ಕೂತ ಮ್ಯಾಲ ಸೋಡಾ. ಸೋಡಾ ಹಿಡಸ್ತೈತಿ. ಹತ್ತಿರ ಬರದ ಹಿಡಿ ಅಂದ್ರ ಯಾರನ್ನ ಹಿಡೀಬೇಕದು? ಮುಂದಿರೋ ನೀರನ್ನ ಹಿಡೀತೈತಿ."

ಇದೂ ಪುಸ್ತಕದಲ್ಲಿತ್ತು. ಬಣ್ಣದ ತುದಿಯ ಉಂಗುರಕ್ಕೆ ಹತ್ತಿಯ ಆಮ್ಲಜನಕವೂ ಒಂದೇ, ನೀರಿನ ಆಮ್ಲಜನಕವೂ ಒಂದೇ. ಒಮ್ಮೆ ನೀರಿಗೆ ಹಿಡಿದ ಬಣ್ಣ ಮತ್ತೆ ಯಾವುದಕ್ಕೂ ಒದಗುವುದಿಲ್ಲ. ಪರೀಕ್ಷೆಯಲ್ಲಿ ಸರಿಯಾಗಿ ಬರೆದಿದ್ದೆ. ಹಂಡೆಯ ಮುಂದೆ ನಿಂತಾಗ ಬರೆದ ಕೈಗೂ ಅದ್ದುವ ಕೈಗೂ ಪರಿಚಯವಿರಲಿಲ್ಲ.

ರಬ್ಬರಿನ ಗವಸು ತಂದಿದ್ದೆ, ಇಬ್ಬರಿಗೂ. ಆಕೆ ತನ್ನ ಜೋಡಿಯನ್ನು ನೋಡಿ, "ಸತ್ತ ಬೆರಳಿಗೆ ಕಫನ್ ಅರಿವಿ ಯಾಕೋ?" ಎಂದು ಗೂಟಕ್ಕೆ ನೇತುಹಾಕಿದಳು. ನನ್ನವು ಎರಡು ದಿನ ನಡೆದವು. ತೊಳೆದ ಲಡಿಯಲ್ಲಿ ಸೋಡಾ ಉಳಿದಿದ್ದರೆ ಕೈಗೆ ಜಾರುತ್ತದೆ, ಪೂರ್ತಿ ಹೋದರೆ ಕರಕರ ಅನ್ನುತ್ತದೆ. ಗವಸಿನೊಳಗೆ ಎರಡೂ ಒಂದೇ. ಸೋಡಾ ಉಳಿದ ನೂಲು ಮಗ್ಗದಲ್ಲಿ ಹರಿಯುತ್ತದೆಂದು ನಾಸೀರ ಎರಡು ಲಡಿ ವಾಪಸು ತಂದ. ಮೂರನೆಯ ದಿನ ಬರಿಗೈ ಹಾಕಿದೆ. ಚುರುಗುಟ್ಟಿ ಕೂಗಿದೆ. ಖೈರುನಬಿ ಸ್ಟೂಲಿನಿಂದ ಎದ್ದು ಬಂದು ನನ್ನ ಕೈ ಹಿಡಿದು ನೋಡಿದಳು. "ಇನ್ನೂ ಜೀವ ಐತಿ ಬಿಡ," ಎಂದಳು. ನಕ್ಕಿದ್ದಳೋ ಏನೋ, ಹೊಗೆಯಲ್ಲಿ ಕಾಣಲಿಲ್ಲ.

ಆಮೇಲಿನ ದಿನಗಳು ನೆನಪಿನಲ್ಲಿ ಬೇರೆ ಬೇರೆಯಾಗಿ ಉಳಿದಿಲ್ಲ. ಅದ್ದುವುದು, ತಿರುವುವುದು, ಹಿಂಡುವುದು. ಆಮೇಲೆ ಒತ್ತಿಸುವುದು, ಒತ್ತಿಸುವುದು. ಎರಡನೆಯ ವಾರಕ್ಕೆ ಬಿಸಿ ಚಹದ ಗ್ಲಾಸು ಹಿಡಿದರೂ ಬಿಸಿ ತಡವಾಗಿ ಬರುತ್ತಿತ್ತು. ಹಾಯೆನಿಸಿತು. ಸೆಂಟರಿಗೆ ಬರುವವರು ನನ್ನ ಕೆಂಪು ಕೈ ನೋಡಿ, "ಯಾವಾಗ ಆತೋ ಲಗ್ನ?" ಎಂದು ಕೇಳುತ್ತಿದ್ದರು. ಒಂದು ಬೆರಳು ಮಾತ್ರ ಬೆಳ್ಳಗೆ ಉಳಿದಿತ್ತು, ಎಡಗೈಯ ಕಿರುಬೆರಳು. ಲಡಿ ಹಿಡಿಯುವಾಗ ಅದನ್ನು ಮೇಲೆತ್ತಿಕೊಳ್ಳುವುದು ನನ್ನ ಚಟ. ಖೈರುನಬಿ ಇದನ್ನು ದಿನಾ ಆಡಿಕೊಳ್ಳುತ್ತಿದ್ದಳು. "ನೋಡವಾ, ನವಾಬ ಚಾ ಕುಡಿಯಾಕತ್ತಾನ."

ಕೊನೆಯ ದಿನ ಮಗಳ ಜೊತೆ ಸೆಂಟರಿಗೆ ಬಂದಳು. ಕೈಗಳನ್ನು ಇನ್ನೂ ಸೆರಗಿನಲ್ಲಿ ಸುತ್ತಿಕೊಂಡಿದ್ದಳು, ಯಾರದೋ ಸಾಮಾನು ಒಪ್ಪಿಸಲು ಬಂದವಳ ಹಾಗೆ. ಸಾಲು ಬಾಗಿಲಾಚೆಗಿತ್ತು. ಬೆಳಿಗ್ಗೆ ಯಂತ್ರ ತೆರೆಯಬೇಕಾದರೆ ಮೊದಲು ನನ್ನ ಬೆರಳು ಒತ್ತಬೇಕು, ಇಂಥ ಸಿದ್ದಾರ್ಥನೇ ಕೂತಿದ್ದಾನೆಂದು ಅದಕ್ಕೆ ಖಾತ್ರಿಯಾಗಬೇಕು. ಇಷ್ಟು ದಿನ ಎರಡು ಮೂರು ಸಲಕ್ಕಾದರೂ ಆಗುತ್ತಿತ್ತು. ಅಂದು ಹೆಬ್ಬೆರಳು ಒತ್ತಿದೆ, ಆಗಲಿಲ್ಲ. ತೋರುಬೆರಳು, ಆಗಲಿಲ್ಲ. ಸುನೀಲಕುಮಾರ ಬಂದು ನಿಂತ.

"ನಿಂದೂ ಅಳಿಸಿತೇನಲೇ?"

ಅವನ ಹೆಸರಿನಲ್ಲಿ ಯಂತ್ರ ತೆರೆಯುವಂತಿರಲಿಲ್ಲ, ಅನುಮತಿ ನನ್ನ ಹೆಸರಿಗಿತ್ತು. ಒಂದೊಂದೇ ಬೆರಳು ಒತ್ತಿದೆ. ಒಂಬತ್ತನ್ನೂ ಯಂತ್ರ ಗುರುತಿಸಲಿಲ್ಲ. ಖೈರುನಬಿ ಬೆಂಚಿನಿಂದ ಕೂಗಿದಳು, "ಏ ನವಾಬಾ, ಆ ಚಾ ಕುಡಿಯೋದು ಒತ್ತ!"

ಕಿರುಬೆರಳು ಒತ್ತಿದೆ. ತೆರೆ ಹಸಿರಾಯಿತು. ಸುಸ್ವಾಗತ, ಸಿದ್ದಾರ್ಥ.

ಆಕೆಯನ್ನೇ ಮೊದಲು ಕರೆದೆ. ಸೆರಗು ಬಿಚ್ಚಿ ಬಲಗೈ ಚಾಚಿದಳು. ಹೆಬ್ಬೆರಳ ತುದಿಯಲ್ಲಿ ಬಣ್ಣ ಉಗುರಿನಂಚಿಗೆ ಸರಿದಿತ್ತು. ನಡುವೆ ಸಣ್ಣ ಸಣ್ಣ ಗೆರೆಗಳು, ಹೊಲದಲ್ಲಿ ಹೊಸದಾಗಿ ಹೊಡೆದ ಗಳೆಯ ಸಾಲಿನ ಹಾಗೆ. ಹಿಡಿದು ಒತ್ತಿದೆ. ನನ್ನ ಬೆರಳಿಗೆ ಆಕೆಯ ಬೆರಳು ಸರಿಯಾಗಿ ತಿಳಿಯಲಿಲ್ಲ, ಆಕೆಗೆ ಗಾಜು ತಿಳಿಯಲಿಲ್ಲ. ತೆರೆಯ ಮೇಲೆ ಚಕ್ರ ತಿರುಗಿತು. ಐವತ್ತೆಂಟು. ಕಾಗದ ಹೊರಬಂತು.

"ಹಿಡೀತೇನು?" ಎಂದಳು.

"ಹಿಡೀತ್ರಿ."

ಮಗಳು ಅತ್ತಳು. ಖೈರುನಬಿ ಕಾಗದ ಮಡಚಿ ಸೆರಗಿನ ಗಂಟಿಗೆ ಹಾಕಿದಳು. "ನಾಳಿಂದ ನೀ ಬರಬ್ಯಾಡ. ಭಾಳ ಸೋಡಾ ಹಾಳ ಮಾಡ್ತಿ."

ಆದರೂ ಮರುದಿನ ಬೆಳಿಗ್ಗೆ ಹೋದೆ. ಕಾಲು ತಾನೇ ಆ ಕಡೆ ತಿರುಗಿತು. ಒಲೆ ಉರಿಯುತ್ತಿತ್ತು. ಗೂಟಕ್ಕೆ ನೇತುಹಾಕಿದ ಗವಸು ಅಲ್ಲೇ ಇತ್ತು. ಆಕೆ ಮೊಳಕೈವರೆಗೆ ಹಂಡೆಯಲ್ಲಿದ್ದಳು, ಕೆಂಪು ಆಗಲೇ ಮಣಿಕಟ್ಟು ದಾಟಿತ್ತು. ಇನ್ಯಾವಾಗಲೋ ಮತ್ತೆ ಬೆರಳು ಕೇಳುತ್ತಾರೆ.

"ಅಮ್ಮಾ, ಒಂದ ಬೆರಳಾದರೂ ಹೊರಗಿಡ್ರಿ. ನಾ ಇಟ್ಟಿದ್ನೆಲ್ಲಾ, ಹಂಗ."

ಆಕೆ ಎಡಗೈ ಮೇಲೆತ್ತಿ, ನೀರು ತೊಟ್ಟಿಕ್ಕುವ ಕಿರುಬೆರಳನ್ನು ನೆಟ್ಟಗೆ ನಿಲ್ಲಿಸಿದಳು. "ಹಿಂಗ?"

"ಹಾಂರಿ, ಹಂಗ."

ಆ ಬೆರಳನ್ನು ಎತ್ತಿಕೊಂಡೇ ಒಂದು ಲಡಿ ಹಿಂಡಲು ನೋಡಿದಳು. ನೂಲು ಜಾರಿ ಹಂಡೆಗೆ ಬಿತ್ತು.

"ನಾಕ ಬೆರಳಿಗೆ ಹಿಂಡಾಕ ಆಗಂಗಿಲ್ಲಪಾ," ಎಂದು ಅದನ್ನೂ ಒಳಗೆ ಹಾಕಿದಳು.